ಹೊರದೇಶದ ಖಾತೆ, ತೋಟದ ಆದಾಯ ಮತ್ತು ತೆರಿಗೆಯ ನ್ಯಾಯ

ವಿದೇಶಿ ಬ್ಯಾಂಕಿನಲ್ಲಿರುವ ಹಣಕ್ಕೆ ತೆರಿಗೆ ಹಾಕುವುದು ನ್ಯಾಯವೇ ಎಂಬ ಚರ್ಚೆ ಸಾಮಾನ್ಯವಾಗಿ ಸ್ವಿಟ್ಜರ್ಲೆಂಡಿನ ಗುಪ್ತ ಖಾತೆಗಳ ಸುತ್ತಲೇ ಸುತ್ತುತ್ತದೆ; ಕೊಡಗಿನ ಆಡಿಟರ್‌ಗಳ ಮೇಜಿಗೆ ಅದೇ ಪ್ರಶ್ನೆ ಬರುವುದು ದುಬೈ, ಕುವೈತ್ ಅಥವಾ ಲಂಡನ್ನಿನಲ್ಲಿ ಸಂಬಳ ಜಮೆಯಾಗಲೆಂದು ತೆರೆದು, ದುಡಿಮೆ ಮುಗಿಸಿ ಊರಿಗೆ ಮರಳಿದ ಮೇಲೂ ಮುಚ್ಚದೆ ಬಿಟ್ಟ ಸಾಧಾರಣ ಉಳಿತಾಯ ಖಾತೆಯ ರೂಪದಲ್ಲಿ. ಸಿದ್ದಾಪುರ, ವಿರಾಜಪೇಟೆ, ನಾಪೋಕ್ಲು ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗಿ ಬಂದವರಲ್ಲಿ ಈ ಅಂಕಣಕಾರನೂ ಒಬ್ಬನಾದ್ದರಿಂದ, ಮುಂದಿನ ವಿವೇಚನೆಗೆ ಸ್ವಂತ ಕಡತದ ಅನುಭವವೂ ಆಧಾರವಾಗಿದೆ.

ಮೊದಲಿಗೆ ತೆರಿಗೆ ಯಾವುದರ ಮೇಲೆ ಎಂಬುದು ಸ್ಪಷ್ಟವಾಗಬೇಕು. ಅನಿವಾಸಿಯಾಗಿದ್ದಾಗ ದುಡಿದು ಅಲ್ಲಿಯೇ ಉಳಿಸಿದ ಅಸಲಿನ ಮೇಲೆ ಭಾರತ ತೆರಿಗೆ ಕೇಳುವುದಿಲ್ಲ, ಮರಳಿದ ಮೇಲೂ ಆ ಹಣವನ್ನು ಅಲ್ಲಿಯೇ ಇಟ್ಟುಕೊಳ್ಳಲು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಅವಕಾಶ ಕೊಟ್ಟಿದೆ. ತೆರಿಗೆ ಬೀಳುವುದು ಅದರ ಬಡ್ಡಿಗೆ, ಅದೂ ಖಾತೆದಾರರು ಪೂರ್ಣ ಅರ್ಥದಲ್ಲಿ ನಿವಾಸಿಗಳಾದ ನಂತರ. ಹಲವು ವರ್ಷ ಹೊರಗಿದ್ದು ಬಂದವರಿಗೆ ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ನಡುವಿನ ಸ್ಥಾನ ಸಿಗುತ್ತದೆ, ಆ ಅವಧಿಯಲ್ಲಿ ವಿದೇಶದ ಬಡ್ಡಿಗೆ ಇಲ್ಲಿ ತೆರಿಗೆ ಇರುವುದಿಲ್ಲ. ಬ್ರಿಟನ್ನಿನಂತಹ ದೇಶದಲ್ಲಿ ತೆರಿಗೆ ಕಟ್ಟಿದ್ದರೆ ಉಭಯ ತೆರಿಗೆ ತಪ್ಪಿಸುವ ಒಪ್ಪಂದದ ಪ್ರಕಾರ ಅದನ್ನು ಇಲ್ಲಿಯ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ದುಬೈಯ ಬಡ್ಡಿಗಾದರೋ ವಜಾ ಮಾಡಲು ಏನೂ ಇಲ್ಲ. ಬದುಕು, ಆಸ್ಪತ್ರೆ, ರಸ್ತೆ ಎಲ್ಲವೂ ಇಲ್ಲಿಯೇ ಇರುವಾಗ ಆ ಬಡ್ಡಿಗೆ ಎಲ್ಲಿಯೂ ತೆರಿಗೆ ಬೇಡವೆನ್ನುವ ವಾದವನ್ನು ಒಪ್ಪಲಾಗದು.

ಕೊಡಗಿನಲ್ಲಿ ಇದಕ್ಕೆ ಬರುವ ಆಕ್ಷೇಪ ಬೇರೆಯೇ ಬಗೆಯದು. ಕಾಫಿಯನ್ನು ಕಣದಲ್ಲಿ ಒಣಗಿಸಿ ಚೆರಿಯಾಗಿಯೋ ಪಾರ್ಚ್‌ಮೆಂಟ್ ಆಗಿಯೋ ಮಾರಿದ ಬೆಳೆಗಾರರ ಆದಾಯ ಪೂರ್ತಿ ಕೃಷಿ ಆದಾಯವಾಗಿದ್ದು, ಕೇಂದ್ರದ ತೆರಿಗೆಯಿಂದ ಹೊರಗಿದೆ; ತಾವೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ಮಾತ್ರ ವ್ಯಾಪಾರದ ಆದಾಯವೆನಿಸುತ್ತದೆ. ಹೀಗಿರುವಾಗ, ತೋಟವಿಲ್ಲದೆ ಕುವೈತಿನಲ್ಲಿ ನರ್ಸ್ ಆಗಿ ದುಡಿದು ಬಂದವರ ಠೇವಣಿ ಬಡ್ಡಿ ತೆರಿಗೆಗೆ ಸಿಕ್ಕಿ, ಪಕ್ಕದ ಮನೆಯ ಹತ್ತಾರು ಎಕರೆಯ ರೊಬಸ್ಟಾ ಸಿಗದಿರುವುದನ್ನು ಕಂಡವರು ನ್ಯಾಯದ ಪ್ರಶ್ನೆ ಎತ್ತುವುದು ಸಹಜ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ ಎಂಬುದು ಕಾನೂನಿನ ಉತ್ತರ, ಮತ್ತು ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ 1951ರಲ್ಲಿ ತನ್ನದೇ ಕೃಷಿ ಆದಾಯ ತೆರಿಗೆ ಕಾಯ್ದೆಯನ್ನು ಮಾಡಿತ್ತು ಎಂಬುದನ್ನು ಇಂದಿನ ಬೆಳೆಗಾರರು ಅಷ್ಟಾಗಿ ನೆನೆಯುವುದಿಲ್ಲ. ತೋಟವೂ ವಿದೇಶಿ ಖಾತೆಯೂ ಇರುವವರಿಗೆ ಇನ್ನೊಂದು ತಿರುವಿದೆ: ಕೆ.ಎನ್. ರಾಜ್ ಸಮಿತಿಯ ಶಿಫಾರಸಿನಂತೆ 1973ರಲ್ಲಿ ಬಂದ ಪದ್ಧತಿಯಲ್ಲಿ ಕೃಷಿ ಆದಾಯವನ್ನು ದರ ನಿರ್ಧಾರಕ್ಕಷ್ಟೇ ಇತರ ಆದಾಯದೊಂದಿಗೆ ಕೂಡಿಸುವುದರಿಂದ, ಕಾಫಿಯ ಬೆಲೆ ಏರಿದ ವರ್ಷ ದುಬೈಯ ಬಡ್ಡಿಯ ಮೇಲಿನ ತೆರಿಗೆ ದರವೂ ಏರಬಹುದು. ಇದು ಅನ್ಯಾಯವಲ್ಲ, ಎರಡೂ ಕೈಯಲ್ಲಿ ಆದಾಯವಿರುವವರ ಶಕ್ತಿಯನ್ನು ಸರಿಯಾಗಿ ಅಳೆಯುವ ಕ್ರಮ.

ನಿಜವಾದ ವಿಪರ್ಯಾಸ ಊರಿನ ಬ್ಯಾಂಕಿನಲ್ಲಿಯೇ ಇದೆ. ಎನ್‌ಆರ್‌ಇ ಖಾತೆ, ಎಂದರೆ ಅನಿವಾಸಿಗಳು ಹೊರಗಿನ ಗಳಿಕೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಖಾತೆ, ಅದರ ಬಡ್ಡಿಗೆ ಇರುವ ವಿನಾಯಿತಿ ಫೆಮಾ ಪ್ರಕಾರ ಅನಿವಾಸಿಯಾಗಿರುವವರೆಗೆ ಮಾತ್ರ. ಕಾಯಂ ಆಗಿ ಮರಳಿದಂದಿನಿಂದ ವಿರಾಜಪೇಟೆ ಶಾಖೆಯ ಬಡ್ಡಿ ತೆರಿಗೆಗೆ ಒಳಪಡುತ್ತದೆ, ದುಬೈ ಖಾತೆಯ ಬಡ್ಡಿ ಮಾತ್ರ ಮೇಲೆ ಹೇಳಿದ ನಡುವಿನ ಸ್ಥಾನ ಮುಗಿಯುವವರೆಗೆ ಹೊರಗುಳಿಯುತ್ತದೆ. ನಂಬಿ ಹಣವನ್ನು ಊರಿಗೆ ಕಳಿಸಿದವರು ಮೊದಲು ತೆರಿಗೆ ಕಟ್ಟುವಂತಹ ಈ ವ್ಯವಸ್ಥೆಗೆ ತಕ್ಕ ಸಮರ್ಥನೆ ಕಾಣುವುದಿಲ್ಲ.

ತೆರಿಗೆಗಿಂತ ದಂಡದ ಪ್ರಮಾಣ ಹೆಚ್ಚು ಪ್ರಶ್ನಾರ್ಹ. 2015ರ ಕಪ್ಪುಹಣ ಕಾಯ್ದೆ, ಮುಚ್ಚಿಟ್ಟ ವಿದೇಶಿ ಆಸ್ತಿಗೆ ಶೇ 30 ತೆರಿಗೆಯನ್ನೂ ಅದರ ಮೂರು ಪಟ್ಟು ದಂಡವನ್ನೂ ವಿಧಿಸುತ್ತದೆ, ಒಟ್ಟು ಆಸ್ತಿಯ ಮೌಲ್ಯವನ್ನೇ ಮೀರಿ ಶೇ 120; ತೆರಿಗೆ ಕಳ್ಳರಿಗೆ ಅದು ತಕ್ಕದ್ದೇ ಇರಬಹುದು. ಆದರೆ ಹಣದ ಮೂಲ ಸ್ವಚ್ಛವಿದ್ದೂ ರಿಟರ್ನ್‌ನ ‘ಶೆಡ್ಯೂಲ್ ಎಫ್‌ಎ’ ಎಂಬ ವಿದೇಶಿ ಆಸ್ತಿ ಪಟ್ಟಿಯಲ್ಲಿ ನಮೂದಿಸದವರಿಗೂ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ, ಖಾತೆಯಲ್ಲಿ 6 ಲಕ್ಷವಷ್ಟೇ ಇದ್ದರೂ ಒಂದು ಕಾಲಕ್ಕೆ ಅದು ಬೀಳಬಹುದಿತ್ತು. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ. ಹೊರದೇಶದಲ್ಲಿ ಪುಟ್ಟ ಫ್ಲಾಟ್ ಇರುವವರಿಗೆ ಆ ರಿಯಾಯಿತಿಯೂ ಇಲ್ಲ. ಮುಚ್ಚಿಟ್ಟ ಆದಾಯಕ್ಕೆ ಅನುಗುಣವಾಗಿ ದಂಡ ಇರಬೇಕಲ್ಲದೆ ಎಲ್ಲರಿಗೂ ಒಂದೇ ಮೊತ್ತ ಸಲ್ಲದು.

ಆ ಪಟ್ಟಿಯೂ ಸರಳವಲ್ಲ: ಇಲ್ಲಿಯ ಲೆಕ್ಕದ ವರ್ಷ ಏಪ್ರಿಲ್‌ನಿಂದ ಆರಂಭವಾದರೆ ಶೆಡ್ಯೂಲ್ ಎಫ್‌ಎ ಜನವರಿಯಿಂದ ಡಿಸೆಂಬರ್‌ವರೆಗಿನ ಗರಿಷ್ಠ ಶಿಲ್ಕನ್ನೂ ವರ್ಷಾಂತ್ಯದ ಶಿಲ್ಕನ್ನೂ ಖಾತೆ ತೆರೆದ ದಿನಾಂಕವನ್ನೂ ಕೇಳುತ್ತದೆ, ಹಳೆಯ ಪಾಸ್‌ಬುಕ್ ಕಳೆದುಕೊಂಡಿದ್ದ ಈ ಅಂಕಣಕಾರನಿಗೆ ಆ ದಿನಾಂಕ ಹುಡುಕುವುದೇ ದೊಡ್ಡ ಕೆಲಸವಾಯಿತು. ನಿವೃತ್ತರು ಸುಲಭವೆಂದು ಆರಿಸುವ ‘ಸಹಜ್’ ನಮೂನೆಯಲ್ಲಿ ಈ ಪಟ್ಟಿಯೇ ಇಲ್ಲದ್ದರಿಂದ ಎಷ್ಟೋ ಜನ ಅರಿಯದೆಯೇ ತಪ್ಪಿತಸ್ಥರಾಗುತ್ತಾರೆ. ದೇಶದೇಶಗಳ ನಡುವೆ ಖಾತೆಗಳ ಮಾಹಿತಿ ತಾನಾಗಿ ವಿನಿಮಯವಾಗುವ ಏರ್ಪಾಡಿನಲ್ಲಿ ಭಾರತ 2017ರಿಂದ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತಿದೆ, ಸ್ವಿಟ್ಜರ್ಲೆಂಡಿನಿಂದ ಮೊದಲ ಪಟ್ಟಿ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಆದ್ದರಿಂದ ಹೊರಗಿನ ಖಾತೆ ಇಲಾಖೆಗೆ ತಿಳಿಯದು ಎಂದು ಭಾವಿಸುವ ಕಾಲ ಮುಗಿದಿದೆ. ಮರಳಿದವರು ಮೊದಲು ಊರಿನ ಬ್ಯಾಂಕಿಗೆ ಪತ್ರ ಬರೆದು ಎನ್‌ಆರ್‌ಇ ಖಾತೆಯನ್ನು ಬದಲಿಸಿಕೊಳ್ಳಬೇಕು, ಹೊರದೇಶದ ಬ್ಯಾಂಕಿನಿಂದ ಡಿಸೆಂಬರ್ 31ರವರೆಗಿನ ಸ್ಟೇಟ್‌ಮೆಂಟನ್ನು ಪ್ರತಿವರ್ಷ ತರಿಸಿ ಇಟ್ಟುಕೊಳ್ಳಬೇಕು.