ಕೊಬ್ಬು ಎಲ್ಲಿ ಸೇರುತ್ತದೆ?

ಯಮನೂರಿನ ಸಹೋದರಿ, ‘ನನ್ನದೇ ಕೊಬ್ಬನ್ನು ನಿತಂಬಕ್ಕೆ ತುಂಬಿಸಿದರೆ ಅಪಾಯವೇನು?’ ಎಂದು ಕೇಳಿದ್ದೀರಿ. ಕೊಬ್ಬು ನಿಮ್ಮದೇ, ನಿಜ. ಅದು ಎಲ್ಲಿ ಸೇರುತ್ತದೆ ಎಂಬುದರ ಮೇಲೆ ಅಪಾಯ ನಿಂತಿದೆ. ನಿತಂಬದ ಸ್ನಾಯುವಿನ ಆಳದಲ್ಲಿ ದೊಡ್ಡ ರಕ್ತನಾಳಗಳಿವೆ. ಕೊಬ್ಬು ತುಂಬುವ ನಳಿಕೆ ಅವಕ್ಕೆ ತಾಗಿದರೆ ಕೊಬ್ಬು ಹೃದಯ, ಶ್ವಾಸಕೋಶ ಸೇರಿ ಜೀವ ಹೋಗಬಹುದು. 2018ರಲ್ಲಿ ಪ್ಲಾಸ್ಟಿಕ್ ಸರ್ಜರಿ ಸಂಘಗಳ ಅಂತರರಾಷ್ಟ್ರೀಯ ಕಾರ್ಯಪಡೆ, ಇಂಥ 3,000 ಶಸ್ತ್ರಚಿಕಿತ್ಸೆಗಳಿಗೆ ಒಂದರಷ್ಟು ಸಾವಾಗಬಹುದೆಂದು ಎಚ್ಚರಿಸಿತು. ಚರ್ಮದಡಿಯಲ್ಲಷ್ಟೇ ತುಂಬಿದರೆ ಸಾಕಲ್ಲವೇ ಎನ್ನಬಹುದು. ಅಪಾಯ ತಗ್ಗುತ್ತದೆ, ಆದರೆ ನಳಿಕೆಯ ತುದಿ ವೈದ್ಯರ ಕಣ್ಣಿಗೆ ಕಾಣದು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಮಾಡಬೇಕು. ತುಂಬುವ ಮೊದಲು ದೇಹದಿಂದ ಕೊಬ್ಬು ತೆಗೆಯುವುದೂ ಸಣ್ಣ ಕೆಲಸವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಅಂಥ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅರ್ಹ ಪ್ಲಾಸ್ಟಿಕ್ ಸರ್ಜನ್, ಅರಿವಳಿಕೆ ತಜ್ಞರು, ಐಸಿಯು, ಇವುಗಳಲ್ಲಿ ಒಂದಿಲ್ಲದಿದ್ದರೂ ಅಗ್ಗದ ಪ್ಯಾಕೇಜ್ ನಂಬಿ ಹುಬ್ಬಳ್ಳಿ ಬಸ್ಸು ಹತ್ತಬೇಡಿ.