ಕಾರ್ಡ್ ಇದ್ರ ಆತೇನು? ಪಟ್ಟಿ ನೋಡ್ರಿ

ಮನ್ಯಾಗಿನ ಹುಡುಗ್ರಿಗೆ, ಬಾಡಿಗಿ ಮನಿ ಬದಲಿಸೋರಿಗೆ, ಲಗ್ನಾಗಿ ಈ ಊರಿಗೆ ಬಂದ ಸೊಸಿಯಂದ್ರಿಗೆ ನಾಕು ಮಾತು.

• ಓಟರ್ ಕಾರ್ಡ್ ಟ್ರೆಝರಿಯಾಗ ಐತಿ ಅಂತ ನಿಶ್ಚಿಂತಿ ಇರಬ್ಯಾಡ್ರಿ. ಕಾರ್ಡ್ ಮರೆತ್ರ ಆಧಾರ್, ಪಾಸ್‌ಪೋರ್ಟ್ ತೋರಿಸಿ ಓಟು ಹಾಕಬಹುದು. ಮತದಾರರ ಪಟ್ಟಿಯೊಳಗ ಹೆಸರಿಲ್ಲಂದ್ರ ಬ್ರಹ್ಮ ಬಂದ್ರೂ ಆಗೂದಿಲ್ಲ.

• ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಲೆಕ್ಕ ಬ್ಯಾರೆ. ವಿಧಾನಸಭಾಕ್ಕ ಪೂರ್ವ, ಸೆಂಟ್ರಲ್, ಪಶ್ಚಿಮ ಅಂತ ಬ್ಯಾರೆ ಬ್ಯಾರೆ ಕ್ಷೇತ್ರ ಅದಾವ. ಹಳೇಹುಬ್ಬಳ್ಳಿ ಬಿಟ್ಟು ವಿದ್ಯಾನಗರಕ್ಕ ಬಂದೋರಿಗೆ ಊರು ಬಿಟ್ಟಂಗ ಅನಸೂದಿಲ್ಲ, ಆದ್ರ ಕ್ಷೇತ್ರನ ಬದಲಾಗಿರಬಹುದು. ಮನಿ ಬದಲಿಸಿದ ತಿಂಗಳದಾಗನ ನಮೂನೆ 8 ತುಂಬ್ರಿ. ಮೊದ್ಲ ಕ್ಷೇತ್ರ ಬದಲಾದ್ರ ನಮೂನೆ 6 ಕೊಡಬೇಕಿತ್ತು. 2022ರ ಆಗಸ್ಟಿನಿಂದ ಅದು ಹೊಸಬ್ರಿಗಷ್ಟ. ಹಳೇ ರೂಢಿ ಮ್ಯಾಲ ಅದನ್ನ ತುಂಬಿದ್ರ ಎರಡು ಕಡೆ ಹೆಸರು ಬೀಳಬಹುದು, ಕಾಯ್ದೆ ಪ್ರಕಾರ ಅದು ತಪ್ಪು.

• ಹದಿನೆಂಟು ತುಂಬೋರಿಗೆ ಜನವರಿ ಒಂದಷ್ಟ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖೂ ನಡೀತಾವ. ಹದಿನೇಳು ದಾಟಿದ್ರ ಮುಂಗಡ ಅರ್ಜಿ ಕೊಡಬಹುದು.

• ಧಾರವಾಡದಾಗ ಹಾಸ್ಟೆಲ್ ಹಿಡಿದು ಕಾಲೇಜು ಓದೋರು ಊರಾಗರ ಹೆಸರಿಡ್ರಿ, ಇಲ್ಲಿಗರ ತರಸ್ರಿ. ಎರಡೂ ಕಡೆ ಬ್ಯಾಡ.

• ಚುನಾವಣಾ ತಾರೀಖು ಘೋಷಣಾ ಆದ ಮ್ಯಾಲ ಓಡ್ಯಾಡೋದು ನಮ್ಮ ಮಂದಿ ಚಟ. 2024ರ ಲೋಕಸಭಾ ಚುನಾವಣಾದಾಗ ನಮ್ಮಲ್ಲಿ ಮತದಾನ ಮೇ 7ಕ್ಕ ಇತ್ತು, ನಾಮಪತ್ರಕ್ಕ ಕಡೀ ದಿನ ಏಪ್ರಿಲ್ 19. ಆ ದಿನ ಮುಗೀತಂದ್ರ ಪಟ್ಟಿ ಮುಟ್ಟೂಹಂಗಿಲ್ಲ. ಅದಕ್ಕೂ ಮೊದ್ಲ ಅರ್ಜಿ ಮ್ಯಾಲ ಆಕ್ಷೇಪಣಾಕ್ಕ ಏಳು ದಿನ ಬಿಡಬೇಕು. ಕಡೀ ವಾರದಾಗ ಕೊಟ್ಟ ಅರ್ಜಿ ಹಂಗ ಕುಂತಿರ್ತೈತಿ.

• ಡಿಗ್ರಿ ಆದೋರು ಇದನ್ನ ಸರಿಯಾಗಿ ಕೇಳ್ರಿ. ಧಾರವಾಡ, ಹಾವೇರಿ, ಗದಗ, ಉತ್ತರ ಕನ್ನಡ ಸೇರಿದ ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರಕ್ಕ ಪ್ರತಿ ಚುನಾವಣಾಕ್ಕೂ ಪಟ್ಟಿ ಹೊಸದಾಗಿ ಮಾಡ್ತಾರ. "2020ರಾಗ ಹಾಕೇನಿ, ಹೆಸರು ಇರ್ತೈತಿ" ಅಂದ್ರ ಕೈಕೊಡ್ತೈತಿ. ನಮೂನೆ 18 ಮತ್ತ ತುಂಬಬೇಕು. ನವೆಂಬರ್ 1ಕ್ಕ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಕಲಿತೋರ ಇದರಾಗ ಹೆಚ್ಚು ಮೈಮರೀತಾರ, ಅದೇನೋ ತಿಳೀದು.

• ಮನ್ಯಾಗ ಹಿರೇರು ತೀರಿಕೊಂಡಿದ್ರ ನಮೂನೆ 7 ಕೊಟ್ಟು ಹೆಸರು ತಗಸ್ರಿ.

• ಮೊಬೈಲ್‌ನ್ಯಾಗ ಅರ್ಜಿ ತುಂಬೋದು ಒಗ್ಗದವ್ರು ಮತದಾರರ ಸಹಾಯವಾಣಿ 1950ಕ್ಕ ಫೋನ್ ಹಚ್ರಿ. ಇಲ್ಲಂದ್ರ ನಿಮ್ಮ ಮತಗಟ್ಟಿಯ ಬಿಎಲ್‌ಒ (ಮತಗಟ್ಟಿ ಮಟ್ಟದ ಅಧಿಕಾರಿ) ಯಾರಂತ ಕೇಳಿಕೊಳ್ರಿ. ಬಹಳ ಕಡೆ ಅವ್ರು ಶಾಲಿ ಮಾಸ್ತರ್ರು, ಇಲ್ಲಾ ಅಂಗನವಾಡಿ ಅಕ್ಕಾರು. ಅವ್ರು ಬಂದಾಗ ಬೀಗ ಇದ್ರ ಮನಿಯವ್ರು ಊರು ಬಿಟ್ಟಾರ ಅಂತ ತಿಳೀಬಹುದು. ಗಂಡ ಹೆಂಡ್ತಿ ಇಬ್ರೂ ದುಡಿಯಾಕ ಹೋಗೂ ಮನಿ ಆದ್ರ ಬಾಜೂಮನಿ ವೈನಿ ಕಡೆ ನಿಮ್ಮ ನಂಬರ್ ಕೊಟ್ಟಿಡ್ರಿ.