ಸಾಮ್ಸೊ ದ್ವೀಪದಲ್ಲಿ ನಾನು ಕಲಿತದ್ದು

2012ರ ಮೇ ತಿಂಗಳಲ್ಲಿ ಬದಲಿ ಇಂಧನದ ಬಗ್ಗೆ ತಿಳಿಯಲು ಡೆನ್ಮಾರ್ಕಿನ ಸಾಮ್ಸೊ ದ್ವೀಪಕ್ಕೆ ಹೋಗಿದ್ದೆ. ಪರದೇಶ ಕಂಡದ್ದು ಅದೇ ಮೊದಲು. ಒಬ್ಬ ಆಲೂಗಡ್ಡೆ ಬೆಳೆಗಾರರ ಮನೆಯಲ್ಲಿ ನಾಲ್ಕು ವಾರ ಇದ್ದೆ.

ಮೊದಲ ದಿನ ನಿದ್ದೆಯೇ ಬರಲಿಲ್ಲ. ರಾತ್ರಿ ಒಂಬತ್ತಕ್ಕೂ ಬಿಸಿಲು! ಮೇ ಅಂದರೆ ನಮಗೆ ಸೆಕೆ. ಅಲ್ಲಿ ಸ್ವೆಟರ್ ಇಲ್ಲದೆ ಅಂಗಳಕ್ಕಿಳಿಯುವ ಹಾಗಿಲ್ಲ. ಎಪ್ಪತ್ತರ ಅಜ್ಜನನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಂದ ಅದು ಕೊನೆವರೆಗೂ ಬರಲಿಲ್ಲ.

ಬೈಹುಲ್ಲಿನ ಬಿಸಿ

ಹೊರಗೆ ಅಷ್ಟು ಚಳಿಯಾದರೂ ಮನೆಯೊಳಗೆ ಬೆಚ್ಚಗೆ. ಒಲೆಯಿಲ್ಲ, ಹೊಗೆಯಿಲ್ಲ. ಕಿಟಕಿಯ ಕೆಳಗಿದ್ದ ಕಬ್ಬಿಣದ ಕೊಳವೆ ಮುಟ್ಟಿದರೆ ಬಿಸಿ. ಮರುದಿನ ಯಜಮಾನರು ಅದರ ಮೂಲ ತೋರಿಸಿದರು. ಊರ ಹೊರಗೊಂದು ದೊಡ್ಡ ಬಾಯ್ಲರ್. ಉರಿಯುವುದು ಗೋಧಿಯ ಬೈಹುಲ್ಲು. ಕಾದ ನೀರು ನೆಲದಡಿಯ ಪೈಪಿನಲ್ಲಿ ಮನೆಮನೆಗೆ ಹೋಗಿ, ತಣಿದು ವಾಪಸು ಬರುತ್ತದೆ. ಸುಮಾರು ಎರಡೂವರೆ ಕೆಜಿ ಒಣ ಬೈಹುಲ್ಲಿನ ಶಾಖ ಒಂದು ಲೀಟರ್ ಎಣ್ಣೆಗೆ ಸಮ. ಮೊದಲು ಎಣ್ಣೆಗೆ ಹೊರಗೆ ಹೋಗುತ್ತಿದ್ದ ದುಡ್ಡು ಈಗ ಊರಿನ ರೈತನಿಗೇ ಸಿಗುತ್ತದೆ.

ಗಾಳಿಗಿರಣಿ ಯಾರದ್ದು?

1997ರಲ್ಲಿ ಡೆನ್ಮಾರ್ಕ್ ಸರಕಾರ ಒಂದು ಸ್ಪರ್ಧೆ ನಡೆಸಿ, ಪೂರ್ತಿ ಬದಲಿ ಇಂಧನಕ್ಕೆ ತಿರುಗಲು ಈ ದ್ವೀಪವನ್ನು ಆರಿಸಿತು. 2000ದಲ್ಲಿ ನೆಲದ ಮೇಲೆ 11 ಗಾಳಿಗಿರಣಿ ಎದ್ದವು, ಒಂದೊಂದೂ ಒಂದು ಮೆಗಾವಾಟಿನದು. 9 ರೈತರವು; 2 ಊರವರು ಪಾಲು ಹಾಕಿ ಕೊಂಡದ್ದು. ಆಮೇಲೆ ಸಮುದ್ರದಲ್ಲಿ ಇನ್ನೂ 10 ಬಂದವು. ದೋಣಿ, ಟ್ರ್ಯಾಕ್ಟರು, ಕಾರು ಆಗಲೂ ಎಣ್ಣೆಯನ್ನೇ ಕುಡಿಯುತ್ತಿದ್ದವು. ಆ ಲೆಕ್ಕ ಸರಿದೂಗಿಸಲು ಸಮುದ್ರದ ಗಿರಣಿಗಳ ಕರೆಂಟನ್ನು ಹೊರಗೆ ಮಾರುವುದು.

"ರೆಕ್ಕೆಯ ಸದ್ದು ಕಿರಿಕಿರಿ ಆಗುವುದಿಲ್ಲವೇ?" ಅಂತ ಕೇಳಿದೆ. ಯಜಮಾನರು ನಕ್ಕರು. "ಪಾಲು ಇದ್ದವನಿಗೆ ಸದ್ದು ನಿಂತರೇ ಚಿಂತೆ!"

ತಲೆ ತಗ್ಗಿಸಿದ ದಿನ

ಒಂದು ಸಂಜೆ ಅವರ ಹೆಂಡತಿ ಕೇಳಿದರು, "ನಿಮ್ಮಲ್ಲಿ ಅಡುಗೆ ಹೇಗೆ?" ಸಿಲಿಂಡರ್ ಗ್ಯಾಸ್ ಎಂದೆ. "ಆ ಗ್ಯಾಸ್ ಎಲ್ಲಿಂದ?" ಸಾಕಷ್ಟು ಪಾಲು ಹಡಗಿನಲ್ಲಿ ಬರುವುದು ಎಂದೆ. "ಮನೆಯಲ್ಲಿ ನಾಲ್ಕು ದನ ಇದೆ ಅಂದಿರಲ್ಲ?"

ಉತ್ತರ ಹೊಳೆಯಲಿಲ್ಲ. ನಮ್ಮ ಹಟ್ಟಿಯ ಪಕ್ಕದಲ್ಲೇ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರವಿದೆ. ಆಗ ಅದು ನಿಂತು ನಾಲ್ಕು ವರ್ಷ. ಸಿಲಿಂಡರ್ ಬಂತು, ಸೆಗಣಿ ಕಲಸಲು ಉದಾಸೀನ ಆಯಿತು, ಅಷ್ಟೆ. ಅಪ್ಪ ಸಾಲ ಮಾಡಿ ಕಟ್ಟಿಸಿದ್ದು ಅದು. ಗಾಳಿಗಿರಣಿ ನೋಡಲು ಅಷ್ಟು ದೂರ ಹೋದವನಿಗೆ ಮನೆಯ ಹಿಂದಿನದ್ದು ಕಂಡಿರಲಿಲ್ಲ.

ಊರಿಗೆ ಬಂದ ಮೇಲೆ

ಗಾಳಿಗಿರಣಿ ನಮ್ಮ ಗುಡ್ಡದ ಸಂದಿಗೆ ಹೊಂದದು. ಮನೆ ಬೆಚ್ಚಗಿಡುವ ಕೆಲಸವೂ ಇಲ್ಲ. ಆದರೆ ಸೆಗಣಿ ಇದೆ. ಹಳೆಯ ಗಟ್ಟಿ ಬಗ್ಗಡವನ್ನು ಹೊರಗೆ ನಿಂತೇ ತೋಡಿ ತೆಗೆಸಿದೆ. ಪೈಪು ಜೋತುಬಿದ್ದು ನೀರು ಕಟ್ಟಿತ್ತು. ಇಳಿಜಾರು ಸರಿಮಾಡಿ, ತಗ್ಗಿನಲ್ಲಿ ನೀರು ಬಿಡಲು ಒಂದು ನಲ್ಲಿ ಇಟ್ಟೆ. ಸ್ಥಾವರ ತುಂಬಿಸಿ ಮೂರು ವಾರಕ್ಕೆ ನೀಲಿ ಉರಿ ಬಂತು.

ನಿಂತ ಸ್ಥಾವರ ಇರುವವರಿಗೆ ನಾಲ್ಕು ಮಾತು:

* 25 ಕೆಜಿ ಸೆಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸ್. ಐದಾರು ಜನರ ಅಡುಗೆಗೆ ದಿನಕ್ಕೆ 50 ಕೆಜಿ ಬೇಕು.
* ಸೆಗಣಿಯಷ್ಟೇ ನೀರು ಹಾಕಿ ಕಲಸಿ. ಕಸಕಡ್ಡಿ ಹೋದರೆ ಮೇಲೆ ಕೆನೆ ಕಟ್ಟುತ್ತದೆ.
* ಗುಂಡಿಯೊಳಗೆ ನೀವಾಗಿ ಇಳಿಯಬೇಡಿ, ಪ್ರಾಣಕ್ಕೆ ಅಪಾಯ. ಅನುಭವಸ್ಥರನ್ನು ಕರೆಯಿರಿ. ಹತ್ತಿರ ಬೀಡಿ, ದೀಪ ಬೇಡ.
* ಬಗ್ಗಡ ತೋಟಕ್ಕೆ ಬಿಡಿ. ಗ್ಯಾಸ್ ಉರಿಸಿದ ಮೇಲೂ ಗೊಬ್ಬರ ಉಳಿಯುತ್ತದೆ.

ಈಗಲೂ ಸಿಲಿಂಡರ್ ಇದೆ, ಗ್ಯಾಸ್ ಕಮ್ಮಿಯಾಗುವ ಮಳೆಗಾಲಕ್ಕೆ. ಬೆಳಗ್ಗೆ ಸೆಗಣಿ ಕಲಸುವುದು ನನ್ನ ಪಾಲಿನ ಕೆಲಸ.